ಚೀಟಿ ಯಾರದೋ ಗುಳಿಗೆ ಅವರದೇ
(ಹೌಜ್ ಖಾಸ್‌ನಲ್ಲಿ ಸೇರಿದ್ದ ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಸಂಬಳ, ಬಾಡಿಗೆ, ರಜೆಗಳನ್ನು ಕುರಿತು ನಾವು ಇಲ್ಲಿ ಅನೇಕ ಸಲ ಮಾತನಾಡಿದ್ದೇವೆ. ಇಂದು ಮನೆಯೊಳಗಿನ ವಿಷಯವೊಂದನ್ನು ತಮ್ಮ ಮುಂದಿಡಬೇಕಾಗಿದೆ. ಅದರಲ್ಲಿ ನಮ್ಮ ತಪ್ಪೂ ಸೇರಿದೆ.

ನಮ್ಮ ಮಗನಿಗೆ ಗಮನದ ಕೊರತೆ, ಅಂದರೆ ಎ.ಡಿ.ಎಚ್.ಡಿ., ಇದೆಯೆಂದು ವೈದ್ಯರು ಹೇಳಿದಾಗ ನಾವು ಒಪ್ಪಲಿಲ್ಲ. ಹುಡುಗ ಸೋಮಾರಿ, ಎರಡೇಟು ಬಿದ್ದರೆ ಸರಿಹೋಗುತ್ತಾನೆ ಎಂದೇ ನಂಬಿದ್ದೆವು. ಅದು ನಮ್ಮ ತಿಳಿಗೇಡಿತನ. ಈ ತೊಂದರೆ ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ್ದು. ಮಗುವಿನ ಹಟವಲ್ಲ, ಹೆತ್ತವರ ಪಾಪದ ಫಲವೂ ಅಲ್ಲ. ವೈದ್ಯರು ಬರೆದುಕೊಟ್ಟದ್ದು ಮೀಥೈಲ್‌ಫೆನಿಡೇಟ್ ಎಂಬ ಗುಳಿಗೆ. ಇದನ್ನು 1944ರಲ್ಲಿ ಸ್ವಿಟ್ಸರ್ಲೆಂಡಿನಲ್ಲಿ ಮೊದಲು ತಯಾರಿಸಿದರು. ಡೋಪಮಿನ್, ನಾರ್‌ಅಡ್ರಿನಲಿನ್ ಎಂಬ ವಸ್ತುಗಳು ಮಿದುಳಿನ ನರಗಳ ನಡುವೆ ಹೆಚ್ಚು ಹೊತ್ತು ನಿಲ್ಲುವಂತೆ ಮಾಡಿ, ಚದುರಿದ ಗಮನವನ್ನು ಇದು ಒಂದೆಡೆ ನಿಲ್ಲಿಸುತ್ತದೆ. ಕೆಲವು ವಾರಗಳಲ್ಲಿ ನಮ್ಮ ಹುಡುಗ ಒಂದು ಲೆಕ್ಕವನ್ನು ಕೊನೆಯವರೆಗೆ ಮಾಡಿ ಮುಗಿಸಿದ. ಅವನ ತಾಯಿ ಕಣ್ಣೊರಸಿಕೊಂಡರು.

ಇನ್ನು ನಮ್ಮ ತಪ್ಪಿನ ಕಥೆ. ಜಿಯಾ ಸರಾಯಿಯ ಕೋಣೆಯೊಂದರಲ್ಲಿದ್ದು ಪರೀಕ್ಷೆಗೆ ಓದುತ್ತಿದ್ದ ನಮ್ಮೂರ ಕಡೆಯ ಹುಡುಗನೊಬ್ಬ ಒಂದು ಸಂಜೆ ಬಂದು, 'ಮಾವ, ನಿದ್ದೆ ತಡೆಯೋಕಾಗ್ತಿಲ್ಲ. ಆ ಓದುವ ಮಾತ್ರೆ ಎರಡು ಕೊಡಿ' ಎಂದ. ಪರವೂರಿನಲ್ಲಿ ನಮ್ಮವನು ಎಂಬ ಮರುಕದಿಂದ ಕೊಟ್ಟುಬಿಟ್ಟೆವು. ಎರಡನ್ನೂ ಒಟ್ಟಿಗೆ ನುಂಗಿ, ಮೇಲೆ ಗಟ್ಟಿ ಚಹ ಕುಡಿದನಂತೆ. ನಡುರಾತ್ರಿ ಎದೆ ಡವಗುಟ್ಟಿ, ಕೈ ನಡುಗಿ, ಗೆಳೆಯರು ಆಟೋದಲ್ಲಿ ಆಸ್ಪತ್ರೆಗೆ ಹೊತ್ತೊಯ್ದರು. ಹುಡುಗ ಉಳಿದ, ಪರೀಕ್ಷೆ ಹೋಯಿತು. ಅವನ ತಂದೆಗೆ ಹೃದ್ರೋಗವಿತ್ತೆಂಬುದು ನಮಗೆ ತಿಳಿದದ್ದು ಆಮೇಲೆ. ವೈದ್ಯರಾಗಿದ್ದರೆ ಅದನ್ನೇ ಮೊದಲು ಕೇಳುತ್ತಿದ್ದರು.

ಕಾನೂನು ಏನು ಹೇಳುತ್ತದೆ ನೋಡಿ. ಈ ಔಷಧ ಷೆಡ್ಯೂಲ್ ಎಕ್ಸ್ ಪಟ್ಟಿಯಲ್ಲಿದೆ. 1985ರ ಮಾದಕವಸ್ತು ಕಾಯಿದೆಗೂ ಒಳಪಟ್ಟಿದೆ. ವೈದ್ಯರ ಚೀಟಿ ಎರಡು ಪ್ರತಿ ಇರಬೇಕು, ಒಂದನ್ನು ಅಂಗಡಿಯವರು 2 ವರ್ಷ ಕಾಪಾಡಬೇಕು, ಔಷಧವನ್ನು ಬೀಗದೊಳಗಿಡಬೇಕು. ಅಂಗಡಿಯವರು ಬೀಗ ಹಾಕಿಡುವ ವಸ್ತುವನ್ನು ನಾವು ಫ್ರಿಜ್ಜಿನ ಮೇಲೆ ಇಟ್ಟಿದ್ದೆವು!

ಆದ್ದರಿಂದ ಸೋದರರೇ, ಈ ಕೆಲವು ಮಾತುಗಳನ್ನು ಮರೆಯಬೇಡಿ. ಔಷಧ ಆರಂಭಿಸುವ ಮುನ್ನ ಮನೆತನದ ಹೃದ್ರೋಗವನ್ನೂ, ಮಗು ಸೇವಿಸುತ್ತಿರುವ ಬೇರೆ ಔಷಧಗಳನ್ನೂ ವೈದ್ಯರಿಗೆ ಮುಚ್ಚಿಡದೆ ಹೇಳಿ. ಹಸಿವೂ ನಿದ್ದೆಯೂ ಕಡಮೆಯಾಗಬಹುದು. ಆದಕಾರಣ ಬೆಳಗಿನ ತಿಂಡಿ ತಪ್ಪಿಸಬೇಡಿ, ಹೇಳಿದ ಹೊತ್ತು ಮೀರಿ ಸಂಜೆ ಕೊಡಬೇಡಿ. ಎತ್ತರ, ತೂಕ, ನಾಡಿ, ರಕ್ತದೊತ್ತಡಗಳನ್ನು ಆಗಾಗ ಪರೀಕ್ಷೆ ಮಾಡಿಸಿ. ದೀರ್ಘಕಾಲ ಕೆಲಸಮಾಡುವ ಬಗೆಯ ಗುಳಿಗೆಯನ್ನು ಪುಡಿಮಾಡಕೂಡದು, ಅಗಿಯಕೂಡದು. ಒಂದು ಹೊತ್ತು ತಪ್ಪಿದರೆ ಮುಂದಿನ ಹೊತ್ತು ಎರಡು ಕೊಡಕೂಡದು. ಎದೆನೋವು, ಮೂರ್ಛೆ, ಇಲ್ಲದ್ದು ಕಾಣುವುದು, ಇಂಥದೇನಾದರೂ ಆದರೆ ಕೂಡಲೇ ಆಸ್ಪತ್ರೆಗೆ ಹೋಗಿ. ರಜೆಗೆ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತುವಾಗ ಗುಳಿಗೆಗಳನ್ನು ಎಣಿಸಿಕೊಳ್ಳಿ, ಚೀಟಿಯನ್ನು ಜೊತೆಗಿಡಿ. ಊರಿನ ಎಲ್ಲ ಅಂಗಡಿಗಳಿಗೂ ಇದನ್ನು ಮಾರುವ ಪರವಾನಗಿ ಇರುವುದಿಲ್ಲ.

ಹೆದರಿ ಔಷಧವನ್ನೇ ಬಿಡಿಸಿರೆಂದು ನಾವು ಹೇಳುತ್ತಿಲ್ಲ. ಬೇಕಾದ ಮಗುವಿಗೆ ಇದು ದೊಡ್ಡ ಆಸರೆ. ಬೇಡದವರಿಗೆ ಇದು ಬುದ್ಧಿ ಕೊಡುವುದಿಲ್ಲ, ಎಚ್ಚರವಿರುವುದೇ ಓದಿದಂತಲ್ಲ. ಹಿಂದಿಯಲ್ಲಿ ಕಷ್ಟ ಹೇಳಿಕೊಳ್ಳಲಾರದ ನಮ್ಮವರಿಗೆ ಒಂದು ಅನುಕೂಲವಿದೆ: 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆ. ಅದರ ಭಾಷೆಗಳಲ್ಲಿ ಕನ್ನಡವೂ ಒಂದು.

ಆ ಹುಡುಗ ಮರುವರ್ಷ ಪರೀಕ್ಷೆಗೆ ಕುಳಿತ. ಹಿಂದಿನ ರಾತ್ರಿ ನಮ್ಮ ಮನೆಗೇ ಬಂದಿದ್ದ. ಈ ಸಲ ನಾವು ಕೊಟ್ಟದ್ದು ಸಾರು, ಅನ್ನ ಮತ್ತು ಮಲಗಲು ಒಂದು ಚಾಪೆ.