ಚಾಲೂ ಆಗದ ಗಾಡಿ: ಒಂದು ಹಳೆಯ ರೋಗದ ಚರಿತ್ರೆ



"ಗಾಡಿ ಚಾಲೂ ಆಗವಲ್ದು" ಅಂತ ಹೋದರೆ, ಕಲಬುರಗಿಯ ಹಳೆಯ ಮಿಸ್ತ್ರಿ ಬಾನೆಟ್ ಎತ್ತುವ ಮೊದಲೇ ಒಂದು ಪ್ರಶ್ನೆ ಹಾಕುತ್ತಾನೆ: "ಥಂಡ ಇದ್ದಾಗ ಹಿಂಗಾಗ್ತದೇನ್ರಿ, ಗರಮ್ ಆದಮ್ಯಾಲೇನ್ರಿ?" ನೂರು ವರ್ಷಗಳಲ್ಲಿ ಯಂತ್ರ ಏನೆಲ್ಲ ಬದಲಾದರೂ ಈ ಪ್ರಶ್ನೆಗೆ ಮುಪ್ಪು ಬಂದಿಲ್ಲ.

ಮೊದಮೊದಲು ಎಂಜಿನ್ನಿಗೆ ಹ್ಯಾಂಡಲ್ ಹಾಕಿ ತಿರುವಬೇಕಿತ್ತು. ಹಿಂದಕ್ಕೆ ಒದ್ದರೆ ಕೈ ಮುರಿಯುತ್ತಿತ್ತು. 1912ರ ಕ್ಯಾಡಿಲಾಕ್‌ಗೆ ವಿದ್ಯುತ್ ಸ್ಟಾರ್ಟರ್ ಕೊಟ್ಟವರು ಚಾರ್ಲ್ಸ್ ಕೆಟರಿಂಗ್. ಕಾಯಿಲ್, ಪಾಯಿಂಟ್, ಕಂಡೆನ್ಸರ್ ಸೇರಿ ಕಿಡಿ ಹಾರಿಸುವ ಪದ್ಧತಿಯೂ ಅವರದೇ. 1950ರ ದಶಕದ ಕೊನೆಗೆ ಉತ್ತರಪಾರಾದಲ್ಲಿ ತಯಾರಾಗತೊಡಗಿದ ಅಂಬಾಸಿಡರ್, ಮುಂಬಯಿಯ ಪದ್ಮಿನಿ ಎರಡೂ ಅದೇ ಪದ್ಧತಿಯಲ್ಲಿ ಬಹುಕಾಲ ಓಡಿದವು. ಅಂಬಾಸಿಡರ್ ಡಿಕ್ಕಿಯಲ್ಲಿ ಹ್ಯಾಂಡಲ್ ಕೂಡ ಇರುತ್ತಿತ್ತು, ಸೆಲ್ಫ್ ಕೈಕೊಟ್ಟ ದಿನಕ್ಕೆ.

ಆ ಕಾಲದ ಪರೀಕ್ಷೆ ಸರಳ. ಪ್ಲಗ್ ಬಿಚ್ಚಿ ನೋಡು. ಒದ್ದೆ ಇದ್ದರೆ ಪೆಟ್ರೋಲ್ ಬಂದಿದೆ, ಕಿಡಿಯ ಮೇಲೆ ಅನುಮಾನ. ಒಣಗಿದ್ದರೆ ಪೆಟ್ರೋಲೇ ಬಂದಿಲ್ಲ. ಕಿಡಿ ಮಂಕಾಗಿದ್ದರೆ ಪಾಯಿಂಟ್ ಉಜ್ಜಿ, ಸಂದು ಸುಮಾರು 0.4 ಮಿಲಿಮೀಟರಿಗೆ ಕೂಡಿಸು.

ನಮ್ಮ ಊರಿನ ವಿಶೇಷ ರೋಗ ಮಾತ್ರ ಬಿಸಿಲಿನದು. ಮೇ ತಿಂಗಳು, 42 ಡಿಗ್ರಿ. ಹುಮನಾಬಾದಿಗೆ ಹೊರಟವರು ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣಿಗೆಂದು ಹತ್ತು ನಿಮಿಷ ಗಾಡಿ ಬಂದ್ ಮಾಡಿದರು ಅನ್ನಿ. ಓಡುವಾಗ ಗಾಳಿ, ನೀರು ಎಂಜಿನ್ನಿನ ಶಾಖ ಒಯ್ಯುತ್ತವೆ. ನಿಂತ ಕೂಡಲೇ ಅದು ಬಾನೆಟ್ಟಿನೊಳಗೇ ತುಂಬುತ್ತದೆ. ಪೆಟ್ರೋಲಿನ ಹಗುರ ಅಂಶಗಳು ನಲವತ್ತರ ಆಸುಪಾಸಿನಲ್ಲೇ ಆವಿಯಾಗುವಂಥವು. ಎಂಜಿನ್ನಿಗೆ ಅಂಟಿಕೊಂಡ ಪಂಪು ಆವಿಯನ್ನು ಎಳೆಯಲಾರದು. "ಏರ್ ಹಿಡದದ" ಎಂದು ಡ್ರೈವರ್ ಪಂಪಿಗೆ ಒದ್ದೆ ಬಟ್ಟೆ ಸುತ್ತುತ್ತಿದ್ದ. ಸ್ವಲ್ಪ ಹೊತ್ತಿಗೆ ಗಾಡಿ ಏಳುತ್ತಿತ್ತು.

ಇಲ್ಲೇ ಅನೇಕರು ಮೋಸಹೋದದ್ದು. ಸವೆದ ಕಂಡೆನ್ಸರ್ ಕೂಡ ಬಿಸಿಗೆ ಸೋತು, ಆರಿದ ಮೇಲೆ ಸರಿಹೋಗುತ್ತದೆ. ಬಟ್ಟೆಯ ಗುಣವೋ, ಕಾದು ಕೂತದ್ದರ ಗುಣವೋ ಹೇಗೆ ತಿಳಿಯಬೇಕು? ಗಾಡಿ ಹಟ ಹಿಡಿದ ಗಳಿಗೆಯಲ್ಲೇ ಕಿಡಿ ನೋಡಬೇಕು. ಆರಿದ ಮೇಲೆ ನೋಡಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ಎಕ್ಸಲೇಟರ್ ಒತ್ತಿದೊಡನೆ ಗಾಡಿ ಒಮ್ಮೆ ತಡವರಿಸಿ ಆಮೇಲೆ ಓಡಿದರೆ ಅದು ಬೇರೆ ಕಥೆ. ಎಂಜಿನ್ ಬಂದ್ ಮಾಡಿ, ಕಾರ್ಬುರೇಟರಿನ ಬಾಯಿ ನೋಡುತ್ತ ಎಕ್ಸಲೇಟರ್ ಎಳೆದರೆ ಪೆಟ್ರೋಲ್ ಚಿಮ್ಮಬೇಕು. ಚಿಮ್ಮದಿದ್ದರೆ ಒಳಗಿನ ಪುಟ್ಟ ಪಂಪಿನ ರಬ್ಬರು ಹೋಗಿದೆ, ಇಲ್ಲವೇ ಜೆಟ್ಟಿನಲ್ಲಿ ಕಚರಾ ಕುಳಿತಿದೆ.

1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಕೂಡ ಕಾರ್ಬುರೇಟರಿನದೇ. 2000ದ ಸುಮಾರಿಗೆ ಅದಕ್ಕೂ ಇಂಜೆಕ್ಷನ್ ಬಂತು, ಚೋಕ್ ಹೋಯಿತು. ಇಂಜೆಕ್ಷನ್ ಗಾಡಿಗಳಲ್ಲಿ ಪಂಪು ಟ್ಯಾಂಕಿನೊಳಗಿಂದ ಒತ್ತಡದಲ್ಲಿ ದೂಡುವುದರಿಂದ ಒದ್ದೆ ಬಟ್ಟೆಯ ಕೆಲಸ ಮುಗಿಯಿತು. 2014ರಲ್ಲಿ ಅಂಬಾಸಿಡರ್ ತಯಾರಿಕೆಯೂ ನಿಂತಿತು.

ಈಗ ಆ ಇಂಜೆಕ್ಷನ್ ಗಾಡಿಗಳಿಗೇ ವಯಸ್ಸಾಗಿದೆ. ಬೆಳಿಗ್ಗೆ ಸೆಲ್ಫ್ ಬಹಳ ಹೊತ್ತು ತಿರುಗಿ ಆಮೇಲೆ ಏಳುತ್ತದೆಯೇ? ಕೀಲಿಯನ್ನು ಆನ್‌ಗೆ ತಿರುವಿ ಎರಡು ಸೆಕೆಂಡು ನಿಲ್ಲಿ, ಆಫ್ ಮಾಡಿ. ಎರಡು ಮೂರು ಸಲ ಹೀಗೆ ಮಾಡಿ ಸೆಲ್ಫ್ ಹೊಡೆಯಿರಿ. ತಟ್ಟನೆ ಎದ್ದರೆ ರಾತ್ರಿಯಲ್ಲಿ ಪೈಪಿನ ಒತ್ತಡ ಇಳಿಯುತ್ತಿದೆ ಎಂದು ಹೇಳಬಹುದು. ಸ್ಕ್ಯಾನರ್ ಇದೆಯಲ್ಲ ಎನ್ನುತ್ತೀರಿ. ಸ್ಕ್ಯಾನರ್ ಸೆನ್ಸರ್ ಹೆಸರು ಹೇಳುತ್ತದೆ. ಸೀಳಿದ ಗಾಳಿ ಪೈಪನ್ನು ಹುಡುಕುವುದು ಕಣ್ಣು, ಕಿವಿಯ ಕೆಲಸ. ಸೆನ್ಸರ್ ಬದಲಿಸುವ ಆತುರದಲ್ಲಿ ಹಾಳಾದ ಹಣಕ್ಕೆ ಲೆಕ್ಕವಿಲ್ಲ.

ಇತ್ತೀಚಿನ ಸೇರ್ಪಡೆ ಎಥೆನಾಲ್. 2023ರ ಫೆಬ್ರವರಿಯಿಂದ ಶೇ. 20 ಬೆರೆತ ಪೆಟ್ರೋಲ್ ಬಂಕುಗಳಿಗೆ ಬರತೊಡಗಿತು. ಎಥೆನಾಲ್ ತೇವ ಹೀರುತ್ತದೆ, ಹಳೆಯ ರಬ್ಬರನ್ನು ಉಬ್ಬಿಸುತ್ತದೆ. ತಿಂಗಳುಗಟ್ಟಲೆ ನಿಂತ ಗಾಡಿ ಏಳದಿದ್ದರೆ ಪಂಪನ್ನು ಬೈಯುವ ಮೊದಲು ಟ್ಯಾಂಕಿನ ತಳದ ಪೆಟ್ರೋಲನ್ನು ಗಾಜಿನ ಬಾಟಲಿಗೆ ಇಳಿಸಿ, ಅಲುಗಿಸದೆ ಇಟ್ಟು ನೋಡಿ. ನೀರು ಹೆಚ್ಚಾಗಿ ಬೇರ್ಪಟ್ಟಿದ್ದರೆ ಕೆಳಗೆ ಗೆರೆ ಕಾಣಿಸುತ್ತದೆ.