ಸೋತು ಮರಳಿ ಗೆದ್ದ ಪೋನ್ ಕಿಂಗ್‌ಪೆಚ್

(ನಗರದ ಓದುಗರ ಕೂಟವೊಂದರಲ್ಲಿ ಲೇಖಕರು ಮಾಡಿದ ಭಾಷಣದ ಬರಹ ರೂಪ)



ಬಾಕ್ಸಿಂಗ್ ಬಗ್ಗೆ ಮಾತನಾಡಲು ನಿಂತವನು ಒಂದೆರಡು ಗುದ್ದನ್ನಾದರೂ ತಿಂದವನಾಗಿರಬೇಕು. ನಾನು ತಿಂದಿಲ್ಲ. ನನಗೂ ಈ ಆಟಕ್ಕೂ ಇರುವ ನಂಟು ಪತ್ರಿಕಾ ಕಚೇರಿಯ ಮೇಜಿನದು. ರಾತ್ರಿ ಪಾಳಿಯಲ್ಲಿ ಸುದ್ದಿಸಂಸ್ಥೆಗಳಿಂದ ಬರುವ ಕ್ರೀಡಾ ಸುದ್ದಿಗಳನ್ನು ಕನ್ನಡಕ್ಕೆ ಇಳಿಸುವಾಗ ನನ್ನನ್ನು ಹೆಚ್ಚು ಕಾಡಿದ್ದು ಥಾಯ್ಲೆಂಡಿನ ಬಾಕ್ಸರುಗಳ ಹೆಸರು. ಒಂದೇ ಅಡ್ಡಹೆಸರಿನವರು ಮೂರು ನಾಲ್ಕು ಮಂದಿ! ಎಲ್ಲರೂ ಅಣ್ಣತಮ್ಮಂದಿರೇ ಇರಬೇಕು ಎಂದುಕೊಂಡಿದ್ದೆ. ಆಮೇಲೆ ತಿಳಿಯಿತು, ಅದು ಮನೆತನದ ಹೆಸರಲ್ಲ, ಗರಡಿಯ ಹೆಸರು. ಊಟ ಹಾಕಿ, ಮಲಗಲು ಜಾಗ ಕೊಟ್ಟು, ವಿದ್ಯೆ ಕಲಿಸುವ ಗರಡಿಯ ಹೆಸರನ್ನೇ ಅಲ್ಲಿನ ಹುಡುಗರು ತಮ್ಮ ಹೆಸರಿನ ಜೊತೆ ಹಚ್ಚಿಕೊಳ್ಳುತ್ತಾರೆ. ಗರಡಿ ಬದಲಾದರೆ ಹೆಸರೂ ಬದಲಾಗುವುದುಂಟು.

ಇಂದು ನಾನು ಹೇಳಹೊರಟಿರುವ ಪೋನ್ ಕಿಂಗ್‌ಪೆಚ್‌ನದೂ ಹೀಗೆ ರಿಂಗಿಗಾಗಿ ಬಂದ ಹೆಸರು. ಥಾಯ್ ಭಾಷೆಯಲ್ಲಿ ‘ಪೋನ್’ ಎಂದರೆ ನೆಗೆತ. ‘ಕಿಂಗ್’ ಎಂದರೆ ಇಂಗ್ಲಿಷಿನ ರಾಜನಲ್ಲ, ಮರದ ಕೊಂಬೆ. ‘ಪೆಚ್’ ಎಂದು ಬರೆಯುವುದನ್ನು ಥಾಯ್ ಜನ ‘ಪೆಟ್’ ಎನ್ನುತ್ತಾರೆ. ಅದು ನಮ್ಮ ‘ವಜ್ರ’ ಶಬ್ದವೇ ಸವೆದು ಆದದ್ದು. ತಂದೆತಾಯಿ ಇಟ್ಟ ಹೆಸರು ಮಾನ ಸೀದೊಕ್‌ಬುಅಪ್. ಈ ಅಡ್ಡಹೆಸರಿಗೆ ಹೀರೆ ಬಳ್ಳಿಯ ಹೂವಿನ ಬಣ್ಣ ಎಂದು ಅರ್ಥ. ‘ಮಾನ’ ಪಾಲಿ ಭಾಷೆಯ ದಾರಿಯಲ್ಲಿ ಅಲ್ಲಿಗೆ ಹೋದ ಪದ. ನಮಗೆ ಮಾನವೆಂದರೆ ಮರ್ಯಾದೆ. ಥಾಯ್ ಜನರಿಗೆ ಅದು ಪಟ್ಟು ಬಿಡದ ಪ್ರಯತ್ನ. ಈ ಎರಡೂ ಅರ್ಥಗಳು ನಿಮ್ಮ ನೆನಪಿನಲ್ಲಿರಲಿ. ಪೋನ್‌ನ ಬದುಕು ಈ ಎರಡರ ನಡುವೆಯೇ ಸಾಗಿತು.

ಥಾಯ್ಲೆಂಡಿನ ಮೊದಲ ವಿಶ್ವ ಚಾಂಪಿಯನ್ ಈತ. ಆದರೆ ಮೊದಲಿಗನೆಂಬ ಒಂದೇ ಕಾರಣಕ್ಕೆ ನಾನು ಈತನನ್ನು ಆರಿಸಿಕೊಂಡಿಲ್ಲ. ಒಮ್ಮೆ ಗೆಲ್ಲುವುದಕ್ಕೂ, ಇಡೀ ದೇಶದ ಕಣ್ಣೆದುರು ಸೋತು ಮತ್ತೆ ಗೆಲ್ಲುವುದಕ್ಕೂ ವ್ಯತ್ಯಾಸವಿದೆ. ಅದನ್ನು ಈತನಷ್ಟು ಸ್ಪಷ್ಟವಾಗಿ ತೋರಿಸಿದ ಆಟಗಾರರು ಕಡಿಮೆ.

ಬರಿಗಾಲಿನ ಕಾಳಗ

ಥಾಯ್ಲೆಂಡಿಗೆ ಹೊಡೆದಾಟದ ಆಟ ಹೊಸದೇನಲ್ಲ. ಅಲ್ಲಿನ ನಾಡ ಆಟ ‘ಮುಯ್ ಥಾಯ್’. ಮುಷ್ಟಿಯ ಜೊತೆಗೆ ಮೊಣಕೈ, ಮೊಣಕಾಲು, ಪಾದ ಎಲ್ಲಕ್ಕೂ ಅದರಲ್ಲಿ ಅವಕಾಶವುಂಟು. ಕಾಳಗಕ್ಕೆ ಮೊದಲು ಆಟಗಾರ ತಲೆಗೆ ‘ಮೊಂಗ್‌ಕೊನ್’ ಎಂಬ ಪಟ್ಟಿ ಧರಿಸುತ್ತಾನೆ. ಅದು ‘ಮಂಗಳ’ ಎಂಬ ಪದವೇ. ಆಮೇಲೆ ‘ವಾಯ್ ಕ್ರೂ’, ಅಂದರೆ ಗುರುವಂದನೆ. ಓಲಗದಂಥ ವಾದ್ಯ, ಡೋಲು, ತಾಳಗಳ ಹಿಮ್ಮೇಳದಲ್ಲಿ ಆತ ನಿಧಾನವಾಗಿ ಕುಣಿಯುತ್ತ ರಿಂಗ್ ಸುತ್ತುತ್ತಾನೆ. 1945ರಲ್ಲಿ ರಾಜದಮ್ನೋನ್, 1956ರಲ್ಲಿ ಲುಂಪಿನಿ ಹೀಗೆ ಬ್ಯಾಂಕಾಕ್‌ನಲ್ಲಿ ಈ ಆಟಕ್ಕೆಂದೇ ಎರಡು ದೊಡ್ಡ ಕ್ರೀಡಾಂಗಣಗಳು ಎದ್ದವು.

ಆದರೆ ಜಗತ್ತು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿದ್ದದ್ದು ಕೈಯಿಂದ ಮಾತ್ರ ಹೊಡೆಯುವ ಪಾಶ್ಚಾತ್ಯ ಬಾಕ್ಸಿಂಗನ್ನು. ಅಲ್ಲಿ ಥಾಯ್ ಜನರ ಮೊದಲ ಆಸೆಯ ಹೆಸರು ಚಮ್ರೋಯೆನ್ ಸೊಂಗ್‌ಕಿಟ್ರಟ್. 1954ರ ಮೇ 2ರಂದು ಈತ ಬ್ಯಾಂಕಾಕ್‌ನಲ್ಲಿ ಆಸ್ಟ್ರೇಲಿಯದ ಜಿಮ್ಮಿ ಕ್ಯಾರುಥರ್ಸ್ ಎದುರು ಬ್ಯಾಂಟಮ್‌ವೇಟ್ ವಿಶ್ವ ಪಟ್ಟಕ್ಕಾಗಿ ಸೆಣಸಿದ. ಬಯಲು ಕ್ರೀಡಾಂಗಣ, ಸುರಿಯುವ ಮಳೆ. ಒದ್ದೆಯಾದ ರಿಂಗಿನಲ್ಲಿ ಜಾರದಿರಲೆಂದು ಇಬ್ಬರೂ ಬರಿಗಾಲಿನಲ್ಲಿ ಆಡಿದರು. ಹನ್ನೆರಡು ಸುತ್ತುಗಳ ಬಳಿಕ ಅಂಕಗಳ ಲೆಕ್ಕದಲ್ಲಿ ಚಮ್ರೋಯೆನ್ ಸೋತ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಫ್ರಾನ್ಸಿನ ರಾಬರ್ಟ್ ಕೊಹೆನ್‌ಗೆ, ಮರುವರ್ಷ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಮೆಕ್ಸಿಕೊದ ರಾವುಲ್ ಮಾಸಿಯಾಸ್‌ಗೆ ಸೋತ. ಮೂರು ಸಲ ಬಾಗಿಲು ತಟ್ಟಿದರೂ ಅದು ತೆರೆಯಲಿಲ್ಲ.

1960ರ ಏಪ್ರಿಲ್

ಪೋನ್ ಹುಟ್ಟಿದ್ದು 1935ರ ಫೆಬ್ರುವರಿ 12ರಂದು, ಬ್ಯಾಂಕಾಕ್‌ನ ದಕ್ಷಿಣಕ್ಕಿರುವ ಕಡಲ ತೀರದ ಊರು ಹುವಾ ಹಿನ್‌ನಲ್ಲಿ. ಅರಸು ಮನೆತನದವರು ಬೇಸಿಗೆ ಕಳೆಯಲು ಹೋಗುವ ಅರಮನೆ ಅಲ್ಲಿದೆ. ಅದರ ಹೆಸರಿಗೆ ‘ಚಿಂತೆಯಿಂದ ದೂರ’ ಎಂದು ಅರ್ಥ. ಆ ಊರಿನ ಹುಡುಗ ಆರಿಸಿಕೊಂಡದ್ದು ಚಿಂತೆ ತಪ್ಪದ ವೃತ್ತಿಯನ್ನು.

ಆತ ಆಡಿದ್ದು ಫ್ಲೈವೇಟ್ ವಿಭಾಗದಲ್ಲಿ. ಇಲ್ಲಿ ದೇಹತೂಕ 112 ಪೌಂಡ್, ಅಂದರೆ 50.8 ಕಿಲೊ ಮೀರುವಂತಿಲ್ಲ. ಈ ತೂಕದವರು ಸಾಮಾನ್ಯವಾಗಿ ಗಿಡ್ಡಗಿರುತ್ತಾರೆ. ಪೋನ್ ಸುಮಾರು ಐದೂವರೆ ಅಡಿ ಎತ್ತರದವನು. ಎತ್ತರವಿದ್ದವನಿಗೆ ತೋಳೂ ಉದ್ದ. ಎದುರಾಳಿಯ ಮುಷ್ಟಿ ತನ್ನನ್ನು ಮುಟ್ಟುವ ಮೊದಲೇ ಎಡಗೈಯ ನೇರ ಹೊಡೆತ, ಬಾಕ್ಸಿಂಗಿನವರು ‘ಜಾಬ್’ ಎನ್ನುವ ಹೊಡೆತ, ಅವನ ಮುಖ ಮುಟ್ಟುತ್ತದೆ. ಆದರೆ ಅಷ್ಟು ಎತ್ತರದ ಮೈಯನ್ನು ಐವತ್ತು ಕಿಲೊ ಆಸುಪಾಸಿನಲ್ಲಿ ಹಿಡಿದಿಡುವುದೆಂದರೆ ಹಸಿವಿನ ಜೊತೆ ಬಾಳುವುದೇ. ನಾವು ನೋಡುವುದು ಹದಿನೈದು ಸುತ್ತಿನ ಕಾಳಗವನ್ನು. ಅದಕ್ಕೆ ಮುಂಚೆ ತಕ್ಕಡಿಯ ಜೊತೆ ನಡೆಯುವ ಕಾಳಗ ಯಾರ ಕಣ್ಣಿಗೂ ಬೀಳುವುದಿಲ್ಲ.

1960ರ ಏಪ್ರಿಲ್ 16, ಶನಿವಾರ. ಥಾಯ್ ಜನರ ಸಾಂಪ್ರದಾಯಿಕ ಹೊಸ ವರ್ಷ ಸೊಂಗ್‌ಕ್ರಾನ್ ಆಗಷ್ಟೇ ಕಳೆದಿತ್ತು. ಲುಂಪಿನಿ ಕ್ರೀಡಾಂಗಣದಲ್ಲಿ ಪೋನ್‌ನ ಎದುರು ನಿಂತವನು ಅರ್ಜೆಂಟೀನದ ಪಾಸ್ಕುಯಲ್ ಪೆರೆಸ್. 1948ರ ಲಂಡನ್ ಒಲಿಂಪಿಕ್ಸ್‌ನ ಚಿನ್ನ ಗೆದ್ದವನು. 1954ರಲ್ಲಿ ಟೋಕಿಯೊಗೆ ಹೋಗಿ ಜಪಾನಿನ ಯೊಶಿಯೊ ಶಿರಾಯಿಯಿಂದ ಪಟ್ಟ ಕಿತ್ತುಕೊಂಡು ಐದು ವರ್ಷಕ್ಕೂ ಹೆಚ್ಚು ಕಾಲ ಬಿಟ್ಟುಕೊಡದವನು. ಐದಡಿಯೂ ಇಲ್ಲದ ಗಟ್ಟಿ ಆಳು. ಪೋನ್ ಅವನಿಗಿಂತ ಅರ್ಧ ಅಡಿಗೂ ಹೆಚ್ಚು ಎತ್ತರ. ಇಂಥವನ ಎದುರು ಉಪಾಯ ಒಂದೇ: ಹತ್ತಿರ ಸೇರಿಸದಿರುವುದು. ಹದಿನೈದು ಸುತ್ತು ಮುಗಿದಾಗ ತೀರ್ಪುಗಾರರಲ್ಲಿ ಇಬ್ಬರು ಪೋನ್ ಕಡೆ, ಒಬ್ಬರು ಪೆರೆಸ್ ಕಡೆ. ಚಮ್ರೋಯೆನ್‌ಗೆ ತೆರೆಯದ ಬಾಗಿಲು ಇಪ್ಪತ್ತೈದು ವರ್ಷದ ಪೋನ್‌ಗೆ ತೆರೆಯಿತು.

ತೀರ್ಪುಗಾರರು ಹೀಗೆ ಒಡೆದಾಗ ಅನುಮಾನದ ಮಾತು ಏಳುವುದು ಸಹಜ. ಊರು ಅವನದು, ಜನ ಅವನವರು. ಅದಕ್ಕೆ ಪೋನ್ ಐದೇ ತಿಂಗಳಲ್ಲಿ ಉತ್ತರ ಕೊಟ್ಟ. ಸೆಪ್ಟೆಂಬರ್ 22ರಂದು ಲಾಸ್ ಏಂಜಲೀಸ್‌ನಲ್ಲಿ ಇಬ್ಬರೂ ಮತ್ತೆ ಎದುರಾದರು. ಈ ಸಲ ಅಂಕ ಎಣಿಸುವ ಪ್ರಮೇಯವೇ ಬರಲಿಲ್ಲ. ಎಂಟನೇ ಸುತ್ತಿನಲ್ಲಿ ಪೆರೆಸ್‌ನ ಆಟ ಮುಗಿಯಿತು. ಮುಂದೆ 1961ರಲ್ಲಿ ಮಿತ್ಸುನೊರಿ ಸೆಕಿಯನ್ನು, 1962ರಲ್ಲಿ ಕ್ಯೊ ನೊಗುಚಿಯನ್ನು ಅವರದೇ ನೆಲವಾದ ಟೋಕಿಯೊದಲ್ಲಿ ಸೋಲಿಸಿ ಪಟ್ಟ ಉಳಿಸಿಕೊಂಡ.

ಮೂರು ಕಾಗೆಗಳು

ಆ ಕಾಲಕ್ಕೆ ಜಪಾನಿನಲ್ಲಿ ಬಾಕ್ಸಿಂಗಿನ ಹುಚ್ಚು ಏರಿತ್ತು. ಫೈಟಿಂಗ್ ಹರಾಡ, ಹಿರೊಯುಕಿ ಎಬಿಹರ, ಕತ್ಸುತೊಶಿ ಅಒಕಿ ಎಂಬ ಮೂವರು ತರುಣರನ್ನು ಜಪಾನಿನ ಜನ ‘ಫ್ಲೈವೇಟ್‌ನ ಮೂರು ಕಾಗೆಗಳು’ ಎಂದು ಕರೆಯುತ್ತಿದ್ದರು. ನಮಗೆ ಕಾಗೆ ಹೊಗಳಿಕೆಯ ಮಾತಲ್ಲ. ಜಪಾನಿ ನುಡಿಯಲ್ಲಿ ಮೂರು ಕಾಗೆಗಳೆಂದರೆ ಒಂದು ವಿದ್ಯೆಯಲ್ಲಿ ಮಿಂಚಿದ ಮೂವರು ಸಮಾನರು.

ಈ ಮೂವರಲ್ಲಿ ಇಬ್ಬರು ಪೋನ್‌ನ ಪಾಲಿಗೆ ಬಂದರು. 1962ರ ಅಕ್ಟೋಬರ್ 10ರಂದು ಟೋಕಿಯೊದಲ್ಲಿ ಎದುರಾದ ಹರಾಡನಿಗೆ ಆಗ ಬರೀ 19 ವರ್ಷ. ದೂರದಿಂದ ಹೊಡೆಯುವುದು ಪೋನ್‌ನ ಬಲ. ದೂರವನ್ನೇ ಉಳಿಸದಂತೆ ನುಗ್ಗುವುದು ಹರಾಡನ ಬಲ. ಹನ್ನೊಂದನೇ ಸುತ್ತಿನಲ್ಲಿ ಹರಾಡ ಈತನನ್ನು ಮೂಲೆಗೆ ಒತ್ತಿ, ಉಸಿರು ಬಿಡದೆ ಗುದ್ದುಗಳ ಮಳೆ ಸುರಿಸಿದ. ಪೋನ್ ಕುಸಿದ. ಪಟ್ಟ ಹೋಯಿತು. ಈ ಹರಾಡನೇ ಮೂರು ವರ್ಷಗಳ ಬಳಿಕ, ಅಲ್ಲಿಯವರೆಗೆ ಸೋಲು ಕಾಣದ ಬ್ರೆಜಿಲಿನ ಎಡರ್ ಜೋಫ್ರೆಯನ್ನೂ ಸೋಲಿಸಿದ. ಪೋನ್ ಸೋತದ್ದು ಸಾಮಾನ್ಯನಿಗಲ್ಲ ಎನ್ನಲು ಇದೊಂದು ಸಾಕ್ಷಿ. ಆದರೆ ಆ ರಾತ್ರಿ ಯಾರಿಗೆ ಬೇಕಿತ್ತು ಸಾಕ್ಷಿ?

ಇಲ್ಲಿ ಒಂದು ಕ್ಷಣ ನಿಂತು ಯೋಚಿಸೋಣ. ಪಟ್ಟಕ್ಕೇರುವವರೆಗೆ ಬಾಕ್ಸರ್ ತನಗಾಗಿ ಆಡುತ್ತಾನೆ. ಏರಿದ ಮೇಲೆ ಅವನ ಮುಷ್ಟಿ ದೇಶದ ಮುಷ್ಟಿಯಾಗುತ್ತದೆ. ಗೆದ್ದಾಗ ‘ನಾವು ಗೆದ್ದೆವು’ ಎನ್ನುತ್ತೇವೆ. ಸೋತಾಗ ‘ಅವನು ಸೋತ’ ಎನ್ನುತ್ತೇವೆ. ಪತ್ರಿಕೆಯವರಾದ ನಾವೂ ಇದಕ್ಕೆ ಹೊರತಲ್ಲ. ತಲೆಬರಹ ಕೊಡುವಾಗ ನಾನೇ ಎಷ್ಟೋ ಸಲ ಹೀಗೆ ಮಾಡಿದ್ದೇನೆ. ನಾಕೌಟ್ ಆದವನಿಗೆ ಮೈಯ ನೋವು ಕೆಲವು ದಿನ. ಇಡೀ ನಾಡಿನ ನಿರಾಸೆಯನ್ನು ಹೊತ್ತು ಮತ್ತೆ ಗರಡಿಯ ಬಾಗಿಲು ತಟ್ಟುವುದು ಅದಕ್ಕಿಂತ ಕಷ್ಟ.

ಪೋನ್ ತಟ್ಟಿದ. ಮೂರು ತಿಂಗಳು ಕಳೆದು, 1963ರ ಜನವರಿ 12ರಂದು ಬ್ಯಾಂಕಾಕ್‌ನಲ್ಲಿ ಅದೇ ಹರಾಡನ ಎದುರು ಪೂರ್ತಿ ಹದಿನೈದು ಸುತ್ತು ನಿಂತು, ಅಂಕಗಳ ಮೇಲೆ ಗೆದ್ದು ಪಟ್ಟವನ್ನು ಮರಳಿ ಪಡೆದ.

ಆ ಸಂತೋಷ ಎಂಟು ತಿಂಗಳಿನದು. ಸೆಪ್ಟೆಂಬರ್ 18ರಂದು ಮತ್ತೆ ಟೋಕಿಯೊ. ಈ ಸಲ ಎದುರಾಳಿ ಎಬಿಹರ, ಎಡಗೈ ಬಲದವನು. ಪೋನ್ ಮೊದಲನೇ ಸುತ್ತು ದಾಟಲಿಲ್ಲ. ಹನ್ನೊಂದು ಸುತ್ತು ಹೋರಾಡಿ ಸೋತವನ ಬಗ್ಗೆ ಜನರಿಗೆ ಗೌರವ ಉಳಿಯುತ್ತದೆ. ಮೂರು ನಿಮಿಷದೊಳಗೆ ಬಿದ್ದವನ ಕಥೆ ಮುಗಿಯಿತೆಂದೇ ಎಲ್ಲರೂ ಭಾವಿಸುತ್ತಾರೆ. ಆದರೆ 1964ರ ಜನವರಿ 23ರಂದು ಬ್ಯಾಂಕಾಕ್‌ನಲ್ಲಿ, ಮೊದಲ ಸುತ್ತಿನಲ್ಲೇ ತನ್ನನ್ನು ಮಲಗಿಸಿದವನ ಜೊತೆ ಪೋನ್ ಹದಿನೈದು ಸುತ್ತು ಆಡಿದ. ತೀರ್ಪು ಮತ್ತೆ ಒಡೆದಿತ್ತು. ಆದರೂ ಗೆಲುವು ಪೋನ್‌ನದಾಯಿತು. ಫ್ಲೈವೇಟ್ ವಿಶ್ವ ಪಟ್ಟವನ್ನು ಮೂರು ಸಲ ಗೆದ್ದ ಮೊದಲಿಗ ಎಂಬ ಹೆಸರು ಹೀಗೆ ಬಂತು.

ಲೆಕ್ಕ ಹಾಕಿ ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಪಟ್ಟ ಗೆದ್ದ ಮೂರೂ ಸಲ ಬ್ಯಾಂಕಾಕ್‌ನಲ್ಲಿ, ಅಂಕಗಳ ಮೇಲೆ. ಕಳೆದುಕೊಂಡ ಮೂರೂ ಸಲ ಪರದೇಶದಲ್ಲಿ: ಎರಡು ಸಲ ಟೋಕಿಯೊ, ಮೂರನೆಯದು ರೋಮ್. ಈತ ತವರಿನ ಹುಲಿ ಮಾತ್ರ ಎನ್ನುವವರಿಗೆ ಈ ಲೆಕ್ಕ ಅನುಕೂಲವೇ. ಆದರೆ ಲಾಸ್ ಏಂಜಲೀಸ್‌ನ ಎಂಟನೇ ಸುತ್ತನ್ನೂ, ಟೋಕಿಯೊದಲ್ಲಿ ಎರಡು ಸಲ ಪಟ್ಟ ಉಳಿಸಿಕೊಂಡದ್ದನ್ನೂ ಆ ಲೆಕ್ಕಕ್ಕೆ ಸೇರಿಸಲೇಬೇಕು. ತವರಿನ ಜನರ ಕೂಗು ಆಟಗಾರನಿಗೆ ಬಲ ಕೊಡುತ್ತದೆ, ನಿಜ. ಆದರೆ ಗುದ್ದನ್ನು ಅವನ ಬದಲು ಅವರು ತಿನ್ನಲಾರರು.

ಕೊನೆಯ ಸುತ್ತು

ಮೂರನೇ ಪಟ್ಟ ಹೋದದ್ದು 1965ರ ಏಪ್ರಿಲ್ 23ರಂದು. ರೋಮ್ ನಗರದಲ್ಲಿ ಇಟಲಿಯ ಸಾಲ್ವತೋರೆ ಬುರ್ರೂನಿ ಹದಿನೈದು ಸುತ್ತುಗಳಲ್ಲಿ ಅಂಕಗಳ ಮೇಲೆ ಗೆದ್ದ. ಆಗ ಪೋನ್‌ಗೆ 30 ವರ್ಷ. ಈ ಸಲ ಮರಳಿ ಗೆಲ್ಲುವ ಅವಕಾಶ ಬರಲಿಲ್ಲ. 1966ರಲ್ಲಿ ಆತ ಗ್ಲೌಸ್ ಬಿಚ್ಚಿಟ್ಟ. 1982ರ ಮಾರ್ಚ್ 31ರಂದು ತೀರಿಕೊಂಡಾಗ ವಯಸ್ಸು 47 ಮಾತ್ರ. ಹುಟ್ಟೂರು ಹುವಾ ಹಿನ್‌ನಲ್ಲಿ ಈಗ ಆತನ ಪ್ರತಿಮೆಯಿದೆ, ಆತನ ಹೆಸರಿನ ಉದ್ಯಾನವಿದೆ.

ಪೋನ್ ತೆರೆದ ಬಾಗಿಲಿನಲ್ಲಿ ಆಮೇಲೆ ಹಲವರು ನಡೆದರು. 1966ರ ಡಿಸೆಂಬರ್ 30ರಂದು ಚಾರ್ಟ್‌ಚಾಯ್ ಚಿಯೊನೊಯ್ ಅದೇ ಫ್ಲೈವೇಟ್ ಪಟ್ಟವನ್ನು ಸ್ಕಾಟ್ಲೆಂಡಿನ ವಾಲ್ಟರ್ ಮೆಗವನ್‌ನಿಂದ ಬ್ಯಾಂಕಾಕ್‌ಗೆ ತಂದ. ಪೋನ್‌ನ ಹಾಗೆಯೇ ಅವನೂ ಕಳೆದುಕೊಂಡು ಮತ್ತೆ ಗೆದ್ದು, ಮೂರು ಸಲ ವಿಶ್ವ ಚಾಂಪಿಯನ್ ಎನಿಸಿದ. ಬಾಳಿನ ಕೊನೆಯ ವರ್ಷಗಳಲ್ಲಿ ಪಾರ್ಕಿನ್ಸನ್ ಕಾಯಿಲೆಯಿಂದ ಬಳಲಿ 2018ರಲ್ಲಿ ತೀರಿಕೊಂಡ. ಕಾವೊಸಾಯ್ ಗ್ಯಾಲಕ್ಸಿ 1984ರಿಂದ 1991ರವರೆಗೆ ಸೂಪರ್ ಫ್ಲೈವೇಟ್ ಪಟ್ಟವನ್ನು 19 ಸಲ ಉಳಿಸಿಕೊಂಡು, ಚಾಂಪಿಯನ್ ಆಗಿಯೇ ನಿವೃತ್ತನಾದ. ಅವನ ಅವಳಿ ಸೋದರ ಕಾವೊಕೊರ್ ಕೂಡ 1988ರಲ್ಲಿ ವಿಶ್ವ ಚಾಂಪಿಯನ್ ಆದ. ಒಂದೇ ಅಡ್ಡಹೆಸರಿನವರು ನಿಜವಾಗಿಯೂ ಒಡಹುಟ್ಟಿದವರಾಗಿದ್ದ ಅಪರೂಪದ ಸಂದರ್ಭ ಅದು! 1996ರಲ್ಲಿ ಅಟ್ಲಾಂಟ ಒಲಿಂಪಿಕ್ಸ್‌ನಲ್ಲಿ ಸೊಮ್ಲಕ್ ಕಮ್ಸಿಂಗ್ ಥಾಯ್ಲೆಂಡಿಗೆ ಮೊಟ್ಟಮೊದಲ ಒಲಿಂಪಿಕ್ ಚಿನ್ನ ತಂದದ್ದೂ ಬಾಕ್ಸಿಂಗಿನಲ್ಲೇ.

ದಾಖಲೆಗಳ ಲೆಕ್ಕದಲ್ಲಿ ಕಾವೊಸಾಯ್ ದೊಡ್ಡವನು. ಹತ್ತೊಂಬತ್ತು ಸಲ ಪಟ್ಟ ಉಳಿಸಿಕೊಂಡವನ ಎದುರು ಪೋನ್‌ನ ಮೂರು ಗೆಲುವು, ಮೂರು ಸೋಲುಗಳು ಸಣ್ಣವಾಗಿ ಕಾಣಬಹುದು. ಆದರೆ ಕಾವೊಸಾಯ್‌ಗೆ ಚಾಂಪಿಯನ್ ಆಗಿ ಸೋಲುವುದು ಹೇಗಿರುತ್ತದೆಂದು ತಿಳಿಯುವ ಪ್ರಸಂಗವೇ ಬರಲಿಲ್ಲ. ಪೋನ್‌ಗೆ ಅದು ಬಂತು. ಅದೂ ಎರಡನೇ ಸಲ, ಮೊದಲ ಸುತ್ತಿನಲ್ಲೇ ನೆಲ ಕಂಡ ರೂಪದಲ್ಲಿ.

ಆರಂಭದಲ್ಲಿ ಹೇಳಿದ ಆ ಎರಡು ಅರ್ಥಗಳಿಗೆ ಮರಳುತ್ತೇನೆ. 1960ರ ಏಪ್ರಿಲ್‌ನಲ್ಲಿ ಪೋನ್ ತನ್ನ ದೇಶಕ್ಕೆ ತಂದುಕೊಟ್ಟದ್ದು ನಮ್ಮ ಅರ್ಥದ ಮಾನವನ್ನು. ಅದು ಟೋಕಿಯೊದಲ್ಲಿ ಹೋಯಿತು, ಬ್ಯಾಂಕಾಕ್‌ಗೆ ಬಂತು, ಮತ್ತೆ ಹೋಯಿತು. ಥಾಯ್ ಭಾಷೆಯ ಮಾನ ಮಾತ್ರ ಯಾವ ಎದುರಾಳಿಗೂ ಸಿಗಲಿಲ್ಲ. ಇನ್ನು ಮುಂದೆ ಸೋತ ಆಟಗಾರನ ಬಗ್ಗೆ ತಲೆಬರಹ ಬರೆಯುವಾಗ ಈ ಎರಡನೇ ಅರ್ಥ ನನ್ನ ನೆನಪಿನಲ್ಲಿರುತ್ತದೆ. ಅದನ್ನು ಓದುವಾಗ ನಿಮ್ಮ ನೆನಪಿನಲ್ಲೂ ಇರಲಿ ಎಂದು ಕೋರಿ ನನ್ನ ಮಾತು ಮುಗಿಸುತ್ತೇನೆ.