ಭೂಗತ ಇಂಧನ ಟ್ಯಾಂಕುಗಳ ಸೋರಿಕೆ: ಅಂತರ್ಜಲದ ನಿಗಾ ಮತ್ತು ಶುದ್ಧೀಕರಣ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಶಿಬಿರದ ಉಪನ್ಯಾಸ)



ಗ್ರಾಮದ ಕುಡಿಯುವ ನೀರಿನ ಹೊಣೆ ಪಂಚಾಯಿತಿಯದು. ಹೆದ್ದಾರಿಯ ಅಂಚಿನ ಊರುಗಳಲ್ಲಿ ಆ ನೀರನ್ನು ಕೊಡುವ ಕೊಳವೆಬಾವಿಯೂ ಪೆಟ್ರೋಲ್ ಬಂಕಿನ ಭೂಗತ ಟ್ಯಾಂಕೂ ಅಕ್ಕಪಕ್ಕದಲ್ಲೇ ಇರುವುದುಂಟು. ಟ್ಯಾಂಕು ತುಕ್ಕು ಹಿಡಿದರೆ, ಪೈಪಿನ ಜೋಡಣೆ ಸಡಿಲಗೊಂಡರೆ, ಇಂಧನವು ಹನಿಹನಿಯಾಗಿ ಮಣ್ಣಿಗೆ ಇಳಿಯುತ್ತದೆ. ನೆಲದ ಮೇಲೆ ಯಾವ ಗುರುತೂ ಕಾಣುವುದಿಲ್ಲ.

ಅಪಾಯದ ಪ್ರಮಾಣವನ್ನು ಒಂದು ಲೆಕ್ಕ ತಿಳಿಸುತ್ತದೆ. ಪೆಟ್ರೋಲಿನಲ್ಲಿ ಶೇ. 1ರವರೆಗೆ ಬೆಂಜೀನ್ ಇರಲು ನಮ್ಮ ದೇಶದಲ್ಲಿ ಅವಕಾಶವಿದೆ. ಇದು ರಕ್ತದ ಕ್ಯಾನ್ಸರಿಗೆ ಕಾರಣವಾಗುವ ರಾಸಾಯನಿಕ. ಕುಡಿಯುವ ನೀರಿನಲ್ಲಿ ಇದಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿರುವ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಒಂದು ಲೀಟರ್ ಪೆಟ್ರೋಲಿನಲ್ಲಿರಬಹುದಾದ ಬೆಂಜೀನ್ 8 ಲಕ್ಷ ಲೀಟರಿಗೂ ಹೆಚ್ಚು ನೀರನ್ನು ಈ ಮಿತಿಗೆ ಮುಟ್ಟಿಸಬಲ್ಲದು. ದಿನಕ್ಕೆ ತಲಾ 55 ಲೀಟರಿನಂತೆ, ಸಾವಿರ ಜನರ ಗ್ರಾಮಕ್ಕೆ ಅದು ಎರಡು ವಾರಗಳ ನೀರು.

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಸಾಂಟಾ ಮೋನಿಕಾ ನಗರದ ಅನುಭವ ಇಲ್ಲಿ ಸ್ಮರಣೀಯ. ಸೋರಿದ ಪೆಟ್ರೋಲಿನಲ್ಲಿದ್ದ ಎಂಟಿಬಿಇ ಎಂಬ ಮಿಶ್ರಣವಸ್ತು ಅಂತರ್ಜಲ ಸೇರಿದ್ದರಿಂದ, 1996ರಲ್ಲಿ ಆ ನಗರವು ತನ್ನ ಪ್ರಮುಖ ಬಾವಿಗಳನ್ನು ಮುಚ್ಚಬೇಕಾಯಿತು. ಸುಮಾರು ಅರ್ಧದಷ್ಟು ನೀರು ಸರಬರಾಜು ಕೈತಪ್ಪಿತು. ಹೊರಗಿನಿಂದ ನೀರು ಕೊಳ್ಳಬೇಕಾಯಿತು. ಶುದ್ಧೀಕರಣ ಘಟಕ ಕಟ್ಟಿ ಆ ಬಾವಿಗಳ ನೀರನ್ನು ಮತ್ತೆ ಬಳಸಲು ಹದಿನಾಲ್ಕು ವರ್ಷಗಳಷ್ಟು ಕಾಲ ಹಿಡಿಯಿತು. ಹಣಬಲವಿದ್ದ ನಗರದ ಪಾಡೇ ಹೀಗಾದರೆ, ಎರಡೇ ಕೊಳವೆಬಾವಿಗಳನ್ನು ನಂಬಿದ ಗ್ರಾಮದ ಸ್ಥಿತಿಯನ್ನು ಊಹಿಸಬಹುದು.

ಹೊಸ ಬಂಕುಗಳು ಶಾಲೆ, ಆಸ್ಪತ್ರೆ ಮತ್ತು ವಸತಿ ಪ್ರದೇಶದಿಂದ 50 ಮೀಟರ್ ದೂರದಲ್ಲಿರಬೇಕೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2020ರ ಮಾರ್ಗಸೂಚಿ ಹೇಳುತ್ತದೆ. ಆದರೆ ಬಂಡೆಯ ಬಿರುಕಿನಲ್ಲಿ ಸಾಗುವ ನೀರಿಗೆ ಅಂತಹ ಗಡಿಯಿಲ್ಲ. ಕರ್ನಾಟಕದ ಬಹುಭಾಗ ಗಟ್ಟಿ ಶಿಲೆಯ ಪ್ರದೇಶ. ಇಲ್ಲಿ ಹತ್ತಿರದ ಬಾವಿ ಶುದ್ಧವಾಗಿದ್ದು, ದೂರದ ಬಾವಿ ಕೆಡುವುದು ಸಾಧ್ಯ. ಸತತವಾಗಿ ಓಡುವ ಪಂಪು ಮಾಲಿನ್ಯವನ್ನು ತನ್ನತ್ತಲೇ ಸೆಳೆಯುತ್ತದೆ.

ಆದುದರಿಂದ ಸೋರಿಕೆಗೆ ಮುಂಚಿನ ದಾಖಲೆಯೇ ಪಂಚಾಯಿತಿಯ ಮೊದಲ ರಕ್ಷಣೆ. ಬಂಕಿನ ಸುತ್ತಲಿನ ಬಾವಿಗಳ ಪಟ್ಟಿ, ಆಳ, ನೀರಿನ ಮಟ್ಟ ಮತ್ತು ಪರೀಕ್ಷಾ ವರದಿಗಳು ಒಂದು ವಹಿಯಲ್ಲಿರತಕ್ಕದ್ದು. ಗ್ರಾಮದಲ್ಲಿರುವ ಕ್ಷೇತ್ರ ಪರೀಕ್ಷಾ ಕಿಟ್ ಫ್ಲೋರೈಡ್, ನೈಟ್ರೇಟ್ ಮುಂತಾದವನ್ನು ತೋರಿಸುತ್ತದೆಯೇ ಹೊರತು ಬೆಂಜೀನನ್ನು ತೋರಿಸುವುದಿಲ್ಲ. ಅದಕ್ಕೆ ಸುಸಜ್ಜಿತ ಪ್ರಯೋಗಾಲಯ ಬೇಕು. ಮಾದರಿಯನ್ನು ಪ್ರಯೋಗಾಲಯವೇ ಕೊಡುವ ಗಾಜಿನ ಸೀಸೆಯಲ್ಲಿ, ಗಾಳಿಗುಳ್ಳೆ ಉಳಿಯದಂತೆ ತುಂಬಿ, ತಂಪಾಗಿಟ್ಟು ಕಳುಹಿಸಬೇಕು. ಬಂಕಿನವರು ಟ್ಯಾಂಕಿನ ದಾಸ್ತಾನನ್ನು ಪ್ರತಿದಿನ ಅಳೆದು ಬರೆಯುತ್ತಾರೆ. ದಿನದಿನವೂ ಒಂದೇ ಬಗೆಯಲ್ಲಿ ಕೊರತೆ ಬೀಳುತ್ತಿದ್ದರೆ ಅದು ಸೋರಿಕೆಯ ಮುನ್ಸೂಚನೆ.

ನೀರಿಗೆ ಪೆಟ್ರೋಲಿನ ವಾಸನೆ ಬಂದಿದೆಯೆಂದು ನೀರುಗಂಟಿ ತಿಳಿಸಿದ ಕ್ಷಣವೇ ಆ ಬಾವಿಯ ಪೂರೈಕೆ ನಿಲ್ಲಿಸಿ, ಟ್ಯಾಂಕರಿನ ನೀರು ಒದಗಿಸಬೇಕು. ಕುದಿಸಿದರೆ ಸರಿಹೋಗುವುದೆಂದು ಜನರು ಭಾವಿಸಬಾರದು. ಆ ಆವಿ ಅಡುಗೆಮನೆಯಲ್ಲಿ ತುಂಬುತ್ತದೆ. ಬಾವಿಯ ಬಳಿ ಬೆಂಕಿ, ಬೀಡಿ ನಿಷಿದ್ಧ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯು ತಹಶೀಲ್ದಾರರಿಗೂ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೂ ಅಂದೇ ಲಿಖಿತವಾಗಿ ತಿಳಿಸತಕ್ಕದ್ದು.

ಶುದ್ಧೀಕರಣಕ್ಕೆ ಕ್ರಮವಿದೆ. ಮೊದಲು ಟ್ಯಾಂಕು ಬರಿದಾಗಬೇಕು. ಅನಂತರ ನೀರಿನ ಮೇಲೆ ತೇಲುವ ಇಂಧನವನ್ನು ತೆಗೆಯುತ್ತಾರೆ, ಮಣ್ಣಿನಲ್ಲಿರುವ ಆವಿಯನ್ನು ಹೀರುತ್ತಾರೆ, ಕಲುಷಿತ ನೀರನ್ನು ಮೇಲೆತ್ತಿ ಸಕ್ರಿಯ ಇಂಗಾಲದ ಮೂಲಕ ಹಾಯಿಸುತ್ತಾರೆ. ಉಳಿದ ಅಂಶವನ್ನು ಮಣ್ಣಿನ ಸೂಕ್ಷ್ಮಜೀವಿಗಳು ನಿಧಾನವಾಗಿ ಕರಗಿಸುತ್ತವೆ. ವರ್ಷಗಟ್ಟಲೆ ನಡೆಯುವ ಈ ಕಾರ್ಯದುದ್ದಕ್ಕೂ ವೀಕ್ಷಣಾ ಬಾವಿಗಳ ಪರೀಕ್ಷೆ ಮುಂದುವರಿಯಬೇಕು.

ಇದರ ವೆಚ್ಚ ಯಾರದು? ಮಾಲಿನ್ಯ ಮಾಡಿದವರೇ ಭರಿಸಬೇಕೆಂಬ ತತ್ತ್ವವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕಾಯ್ದೆ, 2010 ಒಪ್ಪಿದೆ. ಆದರೆ ನೀರು ಮೊದಲು ಶುದ್ಧವಾಗಿತ್ತೆಂದು ತೋರಿಸುವ ಕಾಗದ ಪಂಚಾಯಿತಿಯ ಕೈಯಲ್ಲಿಲ್ಲದಿದ್ದರೆ ವಾದ ನಿಲ್ಲುವುದು ಕಷ್ಟ. ಬಂಕ್ ಇರುವ ಪ್ರತಿ ಪಂಚಾಯಿತಿಯೂ ಮುಂದಿನ ಸಾಮಾನ್ಯ ಸಭೆಯಲ್ಲೇ ಬಾವಿಗಳ ಮೊದಲ ಪರೀಕ್ಷೆಗೆ ನಿರ್ಣಯ ಕೈಗೊಳ್ಳುವುದು ಉಚಿತ.